ಪಂಪಕ್ಕ ನಕಲು ಮಾಡಿದ ಕೈಪಿಡಿ

ಅಚ್ಚಿನ ಅಕ್ಷರ ನಮ್ಮೂರಿನಲ್ಲಿ ನಲವತ್ತು ದಿನ ಇರುತ್ತದೆ. ನಲವತ್ತೊಂದನೆಯ ದಿನ ಬೆಳಿಗ್ಗೆ ನೋಡಿದರೆ ಹಾಳೆ ಬೆಳ್ಳಗಿರುತ್ತದೆ. ಚಿತ್ರಗಳಿಗೆ ಏನೂ ಆಗುವುದಿಲ್ಲ. ಕ್ಯಾಲೆಂಡರಿನ ಸರಸ್ವತಿ ವೀಣೆ ಹಿಡಿದು ಹಾಗೇ ಕೂತಿರುತ್ತಾಳೆ, ಅವಳ ಕೆಳಗಿನ ತಾರೀಖುಗಳು ಮಾತ್ರ ಹೋಗಿರುತ್ತವೆ. ಕೈಯಲ್ಲಿ ಬರೆದದ್ದಕ್ಕೆ ಈ ಕಾಟವಿಲ್ಲ. ಹಾಗಾಗಿ ನಮ್ಮ ಔಷಧದ ಅಂಗಡಿಯವನು ಪ್ರತಿ ಬಾಟಲಿಯ ಮೇಲೂ ಪೆನ್ನಿನಲ್ಲಿ ಹೆಸರು ಬರೆದಿಡುತ್ತಾನೆ. ಮದುವೆಯ ಕಾಗದವನ್ನು ಯಾರೂ ತೀರಾ ಮುಂಚೆ ಅಚ್ಚು ಹಾಕಿಸುವುದಿಲ್ಲ. ಶಾಲೆ ಶುರುವಾದ ಮೊದಲ ನಲವತ್ತು ದಿನ ಪಾಠವೇ ನಡೆಯುವುದಿಲ್ಲ. ದೊಡ್ಡ ಕ್ಲಾಸಿನ ಮಕ್ಕಳು ಪುಸ್ತಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾ ಕೂತಿರುತ್ತಾರೆ. ಹೊರಗಿನಿಂದ ಬಂದ ಮೇಷ್ಟರುಗಳಿಗೆ ಮೊದಲ ವರ್ಷ ಇದು ವಿಚಿತ್ರ, ಎರಡನೆಯ ವರ್ಷ ಅಭ್ಯಾಸ.

ಸಣ್ಣ ಕ್ಲಾಸಿನ ಪುಸ್ತಕಗಳು, ಹೊಲಮನೆಯ ಪತ್ರಗಳು, ಪಂಚಾಂಗ, ಡಾಕ್ಟರು ತರಿಸಿಕೊಳ್ಳುವ ದಪ್ಪ ಪುಸ್ತಕಗಳು, ಇವೆಲ್ಲ ನಕಲುಮನೆಗೆ ಬರುತ್ತಿದ್ದವು. ನಾನು ಅಲ್ಲಿ ಓದುವವಳು. ನಕಲು ಮಾಡುವಾಗ ಇಬ್ಬರು ಬೇಕು: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಹಾಳೆಯಿಂದ ಕಣ್ಣೆತ್ತದೆ ಬರೆಯಬೇಕು. ನಾನು ಓದುತ್ತಿದ್ದದ್ದು ಪಂಪಾವತಿಯವರಿಗೆ. ಊರಿಗೆಲ್ಲ ಅವರು ಪಂಪಕ್ಕ. ಆಗ ಅವರಿಗೆ ಐವತ್ತಮೂರು. ಮೂವತ್ತೊಂದು ವರ್ಷ ಬರೆದಿದ್ದರು. ತೆಳ್ಳಗಿನ ಹೆಂಗಸು, ಬಲಗೈ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಹುಣಸೆಬೀಜದಷ್ಟು ಗಂಟು. ಒಂದು ಅಕ್ಷರ ತಪ್ಪು ಬರೆದವರಲ್ಲ ಎಂದು ಊರಿನಲ್ಲಿ ಮಾತು. ಕೋರ್ಟಿನಲ್ಲಿ ಕೂಡ, ಇದು ಪಂಪಾವತಿಯವರ ಕೈ ಎಂದರೆ ಎದುರು ಪಕ್ಷದ ವಕೀಲರು ಸುಮ್ಮನಾಗುತ್ತಿದ್ದರಂತೆ.

ಅವರ ಜೊತೆ ನಾನು ಕೆಲಸಕ್ಕೆ ಸೇರಿದ ಆರನೆಯ ವರ್ಷ ಹೈಸ್ಕೂಲಿಗೆ ಕಂಪ್ಯೂಟರುಗಳು ಬಂದವು. ಜಿಲ್ಲೆಯಿಂದ ಯಾರೋ ದಾನ ಕೊಟ್ಟ ಆರು ಹಳೆಯ ಯಂತ್ರಗಳು. ಈಗಿನವುಗಳ ಹಾಗೆ ಅಲ್ಲ. ಒಂದು ದಪ್ಪನೆಯ ಕೀಲಿಮಣೆ, ಅದರೊಳಗೇ ಎಲ್ಲ ಯಂತ್ರ. ಹಿಂದಿನಿಂದ ಒಂದು ವೈರು ಟೀವಿಗೆ, ಇನ್ನೊಂದು ಟೇಪ್ ರೆಕಾರ್ಡರಿಗೆ. ಬರೆದ ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ಇಟ್ಟುಕೊಳ್ಳಬೇಕು. ಆ ಕ್ಯಾಸೆಟ್ಟನ್ನು ಸುಮ್ಮನೆ ಹಾಕಿ ಕೇಳಿದರೆ ಕೀರಲು ಕೀರಲು ಶಬ್ದ ಬರುತ್ತದೆ.

ಗಣಿತದ ಮೇಷ್ಟರು ಕೊಟ್ರೇಶ್ ಸರ್ ಈ ಶಬ್ದವನ್ನು ಕೇಳಿ ಕುಣಿಯುವುದೊಂದು ಬಾಕಿ. ನಾಲ್ಕು ವರ್ಷದ ಹಿಂದೆ ಊರಿಗೆ ಬಂದವರು, ಮೂವತ್ತು ದಾಟಿತ್ತು, ಮದುವೆಯ ಮಾತೆತ್ತಿದರೆ ಓಡಿಹೋಗುತ್ತಿದ್ದರು. ಅವರಿಗೆ ಹೊಳೆದದ್ದು ಇಷ್ಟು: ಕ್ಯಾಸೆಟ್ಟಿನಲ್ಲಿ ಇರುವುದು ಅಚ್ಚಲ್ಲ, ಶಬ್ದ. ಹಾಡಿನ ಕ್ಯಾಸೆಟ್ಟುಗಳು ನಮ್ಮೂರಿನಲ್ಲಿ ಎಷ್ಟು ವರ್ಷವಾದರೂ ಹಾಡುತ್ತವೆ. ಹಾಗಾದರೆ ಪಾಠಗಳನ್ನೂ ಕ್ಯಾಸೆಟ್ಟಿಗೆ ಹಾಕಿಟ್ಟು ಟೀವಿಯ ಮೇಲೆ ಓದಬಹುದು. ಮಕ್ಕಳಿಗೆ ವರ್ಷಕ್ಕೆ ನಲವತ್ತು ದಿನ ಉಳಿಯುತ್ತದೆ. ಒಂದೇ ತೊಡಕು ಎಂದರೆ ಯಂತ್ರಕ್ಕೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಗೊತ್ತಿರಲಿಲ್ಲ. ಕನ್ನಡವನ್ನು ನಾವೇ ಕಲಿಸಬೇಕು. ಹೇಗೆ ಕಲಿಸಬೇಕೆಂಬುದು ಯಂತ್ರಗಳ ಜೊತೆಯಲ್ಲಿ ಬಂದ ಕೈಪಿಡಿಯಲ್ಲಿತ್ತು. ನಾನೂರ ಹನ್ನೆರಡು ಪುಟ, ಇಂಗ್ಲಿಷಿನಲ್ಲಿ, ಒಂದೇ ಪ್ರತಿ.

ಅದು ಆಟದ ಸಾಮಾನಿನ ಕೋಣೆಯಲ್ಲಿ ಕೇರಂ ಬೋರ್ಡಿನ ಕೆಳಗೆ ಇಪ್ಪತ್ತಮೂರು ದಿನ ಬಿದ್ದಿತ್ತು. ಪೆಟ್ಟಿಗೆ ಯಾವ ದಿನ ಊರೊಳಗೆ ಬಂತು ಎಂದು ಕೊಟ್ರೇಶ್ ಸರ್ ಲೆಕ್ಕ ಹಾಕಿದಾಗ ಉಳಿದದ್ದು ಹದಿನೇಳೇ ದಿನ. ಸೈಕಲ್ಲಿನಲ್ಲಿ ನಕಲುಮನೆಗೆ ಬಂದು ಏದುಸಿರು ಬಿಡುತ್ತಾ ಪುಸ್ತಕವನ್ನು ಪಂಪಕ್ಕನ ಮುಂದಿಟ್ಟರು.

"ಇದು ಹೋತಂದ್ರೆ ಆರು ಯಂತ್ರಾನೂ ಬರೇ ಡಬ್ಬಿ ಅಕ್ಕ," ಎಂದರು.

ಮೊದಲ ಮುನ್ನೂರು ಪುಟಗಳಲ್ಲಿ ಮಾತು, ವಿವರಣೆ. ಅದನ್ನು ಮೇಷ್ಟರುಗಳೂ ನಕಲುಮನೆಯ ಉಳಿದವರೂ ಹಂಚಿಕೊಂಡರು. ಕೊನೆಯ ನೂರ ಹನ್ನೆರಡು ಪುಟಗಳಲ್ಲಿ ಬರೀ ಕೋಷ್ಟಕ. ಅದನ್ನು ಪಂಪಕ್ಕ ತಮ್ಮ ಹತ್ತಿರ ಇಟ್ಟುಕೊಂಡರು. "ಮಾತಿನಾಗೆ ಒಂದಕ್ಷರ ತಪ್ಪಿದ್ರೆ ಓದೋರು ತಿದ್ದಿಕೊಂಡು ಓದ್ತಾರೆ. ಇದ್ರಾಗೆ ತಿದ್ದಿಕೊಳ್ಳೋಕೆ ಏನೈತಿ?" ಎಂದರು.

ಕೊಟ್ರೇಶ್ ಸರ್ ನಮಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟರು. ಯಂತ್ರದ ಒಳಗೆ ಒಂದು ಉದ್ದನೆಯ ಬೀದಿಯಿದೆ ಎಂದುಕೊಳ್ಳಿ. ಅದರಲ್ಲಿ ಅರವತ್ತೈದು ಸಾವಿರದ ಐನೂರ ಮೂವತ್ತಾರು ಮನೆ. ಒಂದೊಂದು ಮನೆಯಲ್ಲಿ ಒಂದೊಂದು ಸಂಖ್ಯೆ ವಾಸ. ಈ ಮನೆಯ ಸಂಖ್ಯೆ ಬದಲಾಯಿಸಿದರೆ ಟೀವಿಯ ಅಂಚಿನ ಬಣ್ಣ ಬದಲಾಗುತ್ತದೆ, ಆ ಮನೆಯದನ್ನು ಬದಲಾಯಿಸಿದರೆ ಸ್ವರ ಏರುತ್ತದೆ. ಯಾವ ಮನೆಯಲ್ಲಿ ಏನಿದೆ ಎಂದು ಕೋಷ್ಟಕ ಹೇಳುತ್ತದೆ. ಮನೆಯ ನಂಬರನ್ನು ಹದಿನಾರರ ಲೆಕ್ಕದಲ್ಲಿ ಹಾಕಿರುತ್ತಾರೆ. ಒಂಬತ್ತಾದ ಮೇಲೆ ಹತ್ತು ಬರುವುದಿಲ್ಲ, ಎ, ಬಿ, ಸಿ, ಡಿ, ಇ, ಎಫ್ ಬರುತ್ತವೆ.

ಪಂಪಕ್ಕನಿಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿರಲಿಲ್ಲ, ಆದರೆ ಅಕ್ಷರಗಳನ್ನು ಮುದ್ದಾಗಿ ಬರೆಯುತ್ತಿದ್ದರು. ನಾನು ಪಿಯುಸಿವರೆಗೆ ಓದಿದ್ದೆ. ಸಾಲಿನ ಕೊನೆಯ ವಿವರಣೆಯನ್ನು ನಾನು ಒಂದೊಂದೇ ಅಕ್ಷರ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಿದರೆ ಅವರು ತಲೆಯಾಡಿಸುತ್ತಾ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಒಂದು ಕಡೆ, "ಈ ಮನೆ ಖಾಲಿ" ಎಂದಿತ್ತು. ಇನ್ನೊಂದು ಕಡೆ, "ಇದು ಏನು ಮಾಡುತ್ತದೆಂದು ನಮಗೆ ತಿಳಿದಿಲ್ಲ" ಎಂದಿತ್ತು. ಅದನ್ನು ಕೇಳಿ ಅವರು ಮೂವತ್ತೊಂದು ವರ್ಷದಲ್ಲಿ ಅಪರೂಪಕ್ಕೆ ಮಾಡುವ ಕೆಲಸ ಮಾಡಿದರು, ಪೆನ್ನು ಕೆಳಗಿಟ್ಟರು.

"ಹಂಗಂತ ಬರ್ದಾರಾ? ಗೊತ್ತಿಲ್ಲ ಅಂತ?"

"ಹೌದು ಪಂಪಕ್ಕ."

"ಯಾರೋ ಪುಣ್ಯಾತ್ಮರು ಕುಂತು ಅಷ್ಟೂ ಮನೆ ಬಾಗ್ಲು ತಟ್ಟಿ ಬಂದು ಬರ್ದಾರೆ ನೋಡು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಾರೆ. ಇಂಥೋರ ಪುಸ್ತಕಕ್ಕೆ ನಾವು ಮೋಸ ಮಾಡಬಾರ್ದು," ಎಂದು ಮತ್ತೆ ಪೆನ್ನು ಎತ್ತಿದರು.

ಹದಿನೇಳನೆಯ ದಿನ ಮಧ್ಯಾಹ್ನ ಮೂರಕ್ಕೆ ಕೊನೆಯ ಸಾಲು ಮುಗಿಯಿತು. ಮಾರನೆಯ ದಿನ ಕೈಪಿಡಿ ಬೆಳ್ಳಗಾಯಿತು. ಕೀಲಿಮಣೆಯ ಮೇಲಿದ್ದ ಅಕ್ಷರಗಳೂ ಅಚ್ಚಿನವೇ ಆದ್ದರಿಂದ ಅವೂ ಹೋಗಿ, ಆರು ಯಂತ್ರಗಳೂ ಹಲ್ಲಿಲ್ಲದ ಬಾಯಿಯ ಹಾಗೆ ಕಂಡವು. ಪಂಪಕ್ಕ ನನ್ನ ಉಗುರುಬಣ್ಣ ತರಿಸಿಕೊಂಡು, ಬೆಂಕಿಕಡ್ಡಿಯ ತುದಿಯಿಂದ ಒಂದೊಂದು ಗುಂಡಿಯ ಮೇಲೂ ಅಕ್ಷರ ಬರೆದುಕೊಟ್ಟರು.

ಆಮೇಲೆ ಮೂರು ತಿಂಗಳು ಕೊಟ್ರೇಶ್ ಸರ್ ಒದ್ದಾಡಿದರು. ಅಂಚಿನ ಬಣ್ಣ ಬದಲಾಯಿತು, ಸ್ವರ ಬಂತು, ಟೀವಿಯ ಮೇಲೆ ಒಂದು ಚುಕ್ಕೆ ಆಚೆಯಿಂದ ಈಚೆಗೆ ಓಡಾಡಿತು. ಆದರೆ ಕನ್ನಡ ಬರಲಿಲ್ಲ. ಪುಸ್ತಕ ಹೇಳಿದ ಮನೆಗೆ ಹೋಗಿ ಹೊಸ ಅಕ್ಷರದ ಆಕಾರ ಇಟ್ಟು ಬಂದರೆ ಟೀವಿಯ ಮೇಲೆ ಇಂಗ್ಲಿಷ್ ಅಕ್ಷರ ಕದಲದೆ ನಿಂತಿರುತ್ತಿತ್ತು. ತಮ್ಮ ಪ್ರೋಗ್ರಾಮನ್ನೇ ಹನ್ನೆರಡು ಸಲ ಬರೆದರು. ವೈರು ಬದಲಾಯಿಸಿದರು. ಆರೂ ಯಂತ್ರಗಳಲ್ಲಿ ನೋಡಿದರು. ಮಕ್ಕಳು ಯಂತ್ರಗಳಿದ್ದ ಕೋಣೆಗೆ ಬರುವುದನ್ನು ಬಿಟ್ಟರು. ಶಾಲೆಯ ಕಮಿಟಿಯ ಅಧ್ಯಕ್ಷರು ವಿರೂಪಣ್ಣ. ಅಕ್ಕಿ ಗಿರಣಿಯವರು, ಕೆಟ್ಟವರಲ್ಲ, ಆದರೆ ತಾಳ್ಮೆ ಕಡಿಮೆ. ಆ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸಿದರೆ ಹೆಣ್ಣುಮಕ್ಕಳಿಗಾದರೂ ಉಪಯೋಗ, ಬರುವ ಶನಿವಾರ ಜಿಲ್ಲೆಗೆ ಹೋಗುವ ಲಾರಿಯಲ್ಲಿ ಇವನ್ನು ವಾಪಸ್ ಹೇರಿಬಿಡೋಣ ಎಂದು ಹೇಳಿದರು. ಮೇಷ್ಟರಿಗೆ ಕೆಲಸ ಬರುವುದಿಲ್ಲ ಎಂದು ಹೋಟೆಲಿನಲ್ಲಿ ಕೂತವರೂ ಹೇಳತೊಡಗಿದರು.

ಆ ವಾರ ಸೋಮವಾರ ಕೊಟ್ರೇಶ್ ಸರ್ ನಕಲುಮನೆಗೆ ಬಂದರು. ಗಡ್ಡ ಬೆಳೆದಿತ್ತು. ಪಂಪಕ್ಕ ಬರೆದ ಕೈಪಿಡಿ ಕಂಕುಳಲ್ಲಿತ್ತು.

"ಪಂಪಕ್ಕ, ಒಂದು ಮಾತು ಕೇಳ್ಲಾ? ಸಿಟ್ಟಾಗಬಾರ್ದು."

"ಸಿಟ್ಟಾಗೋ ಮಾತಾದ್ರೆ ಆಗ್ತೀನಿ. ಕೇಳ್ರಿ ಸರ್."

ಅಕ್ಷರಗಳ ಆಕಾರ ಇರುವ ಮನೆಗಳ ಪುಟ, ಮುನ್ನೂರ ಎಪ್ಪತ್ತೊಂದನೆಯದು, ತೆಗೆದು ತೋರಿಸಿದರು. "ಈ ಪುಟದ ನಂಬರ್ರು... ಸರಿ ಅದಾವಲ್ಲ?"

ಪಂಪಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಅದು ನನ್ನ ಕೈಯಾಗಿಂದು."

"ಗೊತ್ತೈತಿ ಅಕ್ಕ. ಅದಕ್ಕೇ ಮೂರು ತಿಂಗ್ಳು ತಪ್ಪು ನಂದೇ ಅಂತ ಹುಡುಕ್ದೆ."

ಆಮೇಲೆ ಅವರೇ ನಾಚಿಕೊಂಡು, ತಪ್ಪು ತಿಳಿಯಬೇಡಿ ಎಂದು ಎರಡು ಸಲ ಹೇಳಿ ಹೊರಟುಹೋದರು. ಪಂಪಕ್ಕ ಆ ದಿನ ಮುಂದೆ ಒಂದು ಸಾಲೂ ಬರೆಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾನು, "ಬಿಡ್ರಿ ಪಂಪಕ್ಕ, ಅವರಿಗೆ ಬರಲ್ಲ ಅಂತ ನಿಮ್ಮ ಮೇಲೆ ಹಾಕ್ತಾರೆ," ಎಂದೆ.

ಮಾರನೆಯ ದಿನ ಸಂಜೆ ನಾಲ್ಕಕ್ಕೆ, "ನಡಿ ದಾಕ್ಷಿ, ಸಾಲಿಗೆ ಹೋಗಿ ಬರೋಣ," ಎಂದರು. ಹಳೆಯ ಪತ್ರಗಳನ್ನು ಓದುವ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡರು.

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೊಟ್ರೇಶ್ ಸರ್ ಒಬ್ಬರೇ ಇದ್ದರು, ವೈರುಗಳನ್ನು ಸುತ್ತಿ ಡಬ್ಬಿಗೆ ತುಂಬುತ್ತಿದ್ದರು. ನಮ್ಮನ್ನು ನೋಡಿ ಗಾಬರಿಯಿಂದ ಕುರ್ಚಿ ಎಳೆದರು. ಪಂಪಕ್ಕ ಕೂರಲಿಲ್ಲ.

"ಈ ಪುಸ್ತಕ ಬರೆದೋರು ಏನು ನೋಡಿ ಬರ್ದ್ರು ಸರ್?"

"ಯಂತ್ರ ಮಾಡಿದೋರೇ ಬರ್ದಿರ್ತಾರೆ. ಯಂತ್ರ ನೋಡ್ಕೊಂಡು."

"ಹಂಗಾದ್ರೆ ಆ ಪುಸ್ತಕಾನೂ ನಕಲೇ ಆತಲ್ಲ. ಮೂಲ ಇಲ್ಲೇ ಐತಿ, ನಿಮ್ಮ ಮುಂದೆ. ನನ್ನ ಪುಟ ಯಾಕೆ ನೋಡ್ತೀರಿ, ಇದನ್ನೇ ಕೇಳ್ರಿ."

ಕೊಟ್ರೇಶ್ ಸರ್ ಕೈಯಲ್ಲಿದ್ದ ವೈರನ್ನು ಹಿಡಿದುಕೊಂಡೇ ನಿಂತರು. ಯಂತ್ರಕ್ಕೆ ಒಂದು ಅಪ್ಪಣೆ ಇತ್ತು, ಇಂಥ ಮನೆಯಲ್ಲಿ ಯಾವ ಸಂಖ್ಯೆ ಇದೆ ನೋಡಿ ಬಾ ಎನ್ನುವುದಕ್ಕೆ. ಅದನ್ನು ದಿನಾ ಬಳಸುತ್ತಿದ್ದರು. ಆದರೆ ಎಲ್ಲ ಮನೆಗಳಿಗೂ ಹೋಗಿ ನೋಡು ಎನ್ನಬಹುದೆಂದು ಅವರಿಗೆ ಹೊಳೆದಿರಲಿಲ್ಲ, ಏಕೆಂದರೆ ವಿಳಾಸ ಬರೆದದ್ದು ಪಂಪಕ್ಕ.

"ನೋಡಬಹುದು ಅಕ್ಕ. ಆದ್ರೆ ಏನಂತ ಹುಡುಕ್ಲಿ? ಎಲ್ಲಾ ಮನೆಯಾಗೂ ಬರೇ ಸಂಖ್ಯೆ."

ಪಂಪಕ್ಕ ಟೀವಿ ಹಚ್ಚಲು ಹೇಳಿದರು. ಇಂಗ್ಲಿಷಿನ ಎ ಅಕ್ಷರ ಒಂದನ್ನೇ ತೆರೆಯ ಮೇಲೆ ಹಾಕಿಸಿಕೊಂಡು, ಗಾಜಿಗೆ ಭೂತಗನ್ನಡಿ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಅಕ್ಷರ ಚುಕ್ಕೆಗಳಿಂದ ಆಗಿತ್ತು. ಎಂಟು ಸಾಲು, ಸಾಲಿಗೆ ಎಂಟು ಜಾಗ, ಕೆಲವು ಜಾಗ ಬೆಳಗಿವೆ, ಕೆಲವು ಇಲ್ಲ. ಚೌಕುಳಿ ನೋಟ್‌ಬುಕ್ಕಿನಲ್ಲಿ ಅದನ್ನು ಹಾಗೇ ಇಳಿಸಿದರು. ಒಂದು ಸಾಲನ್ನು ಒಂದು ಸಂಖ್ಯೆ ಮಾಡುವುದು ಹೇಗೆಂದು ಸರ್ ತೋರಿಸಿದರು: ಬಲತುದಿಯ ಚುಕ್ಕೆಗೆ ಒಂದು, ಅದರ ಪಕ್ಕದ್ದಕ್ಕೆ ಎರಡು, ಅದರಾಚೆ ನಾಲ್ಕು, ಎಂಟು, ಹೀಗೆ ದುಪ್ಪಟ್ಟು. ಬೆಳಗಿದ ಚುಕ್ಕೆಗಳನ್ನು ಕೂಡಿಸಿದರೆ ಆಯಿತು. ಪಂಪಕ್ಕ ಒಂದೊಂದು ಸಾಲನ್ನೂ ಬಾಯಿಲೆಕ್ಕದಲ್ಲಿ ಕೂಡಿಸಿ ಹೇಳಿದರು. ಇಪ್ಪತ್ತನಾಲ್ಕು. ಮೂವತ್ತಾರು. ಅರವತ್ತಾರು. ಮತ್ತೆ ಅರವತ್ತಾರು. ನೂರ ಇಪ್ಪತ್ತಾರು. ಅರವತ್ತಾರು, ಅರವತ್ತಾರು, ಸೊನ್ನೆ.

"ಈ ಎಂಟು ಸಂಖ್ಯೆ ಇದೇ ಕ್ರಮದಾಗೆ ಎಲ್ಲಿ ಸಾಲಾಗಿ ವಾಸ ಅದಾವೆ, ಅದೇ ಆ ಅಕ್ಷರದ ಮನೆ. ಹೌದಿಲ್ಲೋ?"

ಕೊಟ್ರೇಶ್ ಸರ್ ಆಗಲೇ ಕೀಲಿಮಣೆಯ ಮುಂದೆ ಕೂತು ಬಡಿಯತೊಡಗಿದ್ದರು.

ಯಂತ್ರ ಮೊದಲ ಮನೆಯಿಂದ ಹುಡುಕುತ್ತಾ ಹೊರಟಿತು. ಈಗಿನ ಯಂತ್ರಗಳಿಗೆ ಅದು ರೆಪ್ಪೆ ಬಡಿಯುವಷ್ಟು ಹೊತ್ತಿನ ಕೆಲಸವಂತೆ. ಅದಕ್ಕೆ ಅರ್ಧ ಗಂಟೆ ಹಿಡಿಯಿತು. ಟೀವಿ ಕಪ್ಪಗೆ ಕೂತಿತ್ತು. ಸರ್ ಕ್ಯಾಂಟೀನಿನಿಂದ ಟೀ ತಂದರು. ಪಂಪಕ್ಕನ ಲೋಟದಲ್ಲಿ ಕೆನೆ ಕಟ್ಟಿತು, ಅವರು ಮುಟ್ಟಲಿಲ್ಲ. ಹೊರಗೆ ಯಾರೋ ಕೊಕ್ಕೊ ಆಡುತ್ತಿದ್ದರು. ಕೊನೆಗೆ ತೆರೆಯ ಮೇಲೆ ಒಂದೇ ಒಂದು ಸಂಖ್ಯೆ ಬಂತು: ೫೫೩೦೪.

ಸರ್ ಪೆನ್ಸಿಲಿನಲ್ಲಿ ಹದಿನಾರರಿಂದ ಭಾಗಿಸಿದರು. ಎ ಅನ್ನುವುದು ಪಟ್ಟಿಯ ಎರಡನೆಯ ಅಕ್ಷರ, ಅದಕ್ಕೆ ಮೊದಲು ಒಂದು ಅಕ್ಷರದ ಎಂಟು ಮನೆಗಳಿವೆ. ಅವನ್ನು ಕಳೆದರೆ ಅಕ್ಷರಗಳ ಕೇರಿ ಶುರುವಾಗುವುದು ಡಿ ಎಂಟು ಸೊನ್ನೆ ಸೊನ್ನೆಯಿಂದ. ಮುನ್ನೂರ ಎಪ್ಪತ್ತೊಂದನೆಯ ಪುಟದಲ್ಲಿ, ದುಂಡಗಿನ ಕಪ್ಪು ಶಾಯಿಯಲ್ಲಿ, ಬಿ ಎಂಟು ಸೊನ್ನೆ ಸೊನ್ನೆ ಎಂದಿತ್ತು.

ಪಂಪಕ್ಕ ಆ ಬಿ ಅಕ್ಷರದ ಮೇಲೆ ಬೆರಳಿಟ್ಟು, ಅದು ಅಳಿಸಿಹೋಗುತ್ತದೋ ಎಂಬಂತೆ ಉಜ್ಜಿದರು.

"ಯಾರಿಗೂ ಹೇಳೋದು ಬ್ಯಾಡ ಅಕ್ಕ," ಎಂದರು ಸರ್, ಮೆಲ್ಲಗೆ. "ನಂಗೆ ಸಿಕ್ತಲ್ಲ, ಸಾಕು. ನನ್ನ ಪ್ರೋಗ್ರಾಮಿನಾಗೆ ತಪ್ಪಿತ್ತು ಅಂತೀನಿ."

"ಮೂರು ತಿಂಗ್ಳು ತಪ್ಪು ನಂದೇ ಅಂದ್ರಲ್ಲ, ಸಾಕಾಗಿಲ್ಲಾ?" ಎಂದರು ಪಂಪಕ್ಕ. ಅವರ ದನಿ ಒರಟಾಗಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಜೊತೆ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನನಗೆ ಮಾತಾಡದೆ ಇರಲು ಬೇರೆ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಕಮಿಟಿ ಸೇರಿತು. ಸುದ್ದಿ ತಿಳಿದು ಊರಿನವರೂ ಬಂದಿದ್ದರು, ಕಿಟಕಿಗಳಲ್ಲಿ ಮುಖಗಳು. ವಿರೂಪಣ್ಣ ಲಾರಿಯ ವಿಷಯ ತೆಗೆಯುವ ಮೊದಲೇ ಪಂಪಕ್ಕ ಎದ್ದು ನಿಂತರು.

"ಪಂಪಮ್ಮನವರೆ, ಕುಂದ್ರಿ. ಇದು ಮೇಷ್ಟ್ರ ವಿಷಯ."

"ಇಲ್ರಿ ವಿರೂಪಣ್ಣ, ಇದು ನನ್ನ ವಿಷಯ. ಮೇಷ್ಟ್ರ ಕೆಲಸ ಸರಿ ಐತಿ. ನಾನು ಬರೆದ ಪುಸ್ತಕದಾಗೆ ತಪ್ಪೈತಿ. ಮುನ್ನೂರ ಎಪ್ಪತ್ತೊಂದನೇ ಪುಟ. ಡಿ ಬರಿಬೇಕಿತ್ತು, ಬಿ ಬರ್ದೀನಿ."

ಕಿಟಕಿಗಳಲ್ಲಿ ಗುಸುಗುಸು ಎದ್ದಿತು. ವಿರೂಪಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ಗಿರಣಿಯ ಜಾಗದ ಪತ್ರವೇ ಪಂಪಕ್ಕನ ಕೈಯದು.

"ನೀವು ಹಿಂಗೆ ಹೇಳಿದ್ರೆ ಜನ ಏನಂತಾರೆ ಗೊತ್ತೈತಾ? ಪಾಠ ಎಲ್ಲಾ ಕ್ಯಾಸೆಟ್ಟಿಗೆ ಹೋದ್ರೆ ನಕಲುಮನೆಗೆ ಕೆಲಸ ಇರಲ್ಲ, ಅದಕ್ಕೇ ಬೇಕಂತ ತಪ್ಪು ಬರ್ದಾಳೆ ಅಂತಾರೆ."

"ಅನ್ಲಿ. ಅಂದೋರ ಮನಿಗೆ ನಾನೇ ಹೋಗಿ ಅವರ ಪತ್ರ ಎಲ್ಲಾ ಮತ್ತೊಮ್ಮೆ ಓದಿ ತೋರಿಸ್ತೀನಿ. ಈಗ ಇಲ್ಲಿ ನೋಡ್ರಿ."

ಕೊಟ್ರೇಶ್ ಸರ್ ಟೀವಿ ಹಚ್ಚಿದರು. ತೆರೆಯ ತುಂಬ ಇಂಗ್ಲಿಷಿನ ಎ, ಸಾವಿರಕ್ಕೆ ಕಡಿಮೆಯಿರಲಿಲ್ಲ, ಇರುವೆ ಸಾಲಿನ ಹಾಗೆ. ಪಂಪಕ್ಕ ಚೌಕುಳಿ ನೋಟ್‌ಬುಕ್ಕು ತೆರೆದರು. ಬುಧವಾರ, ಗುರುವಾರ ಎರಡು ದಿನ ಕೂತು ಎಂಟು ಸಾಲು ಎಂಟು ಜಾಗದಲ್ಲಿ ಅ ಅಕ್ಷರವನ್ನು ಹಿಡಿಸಲು ನೋಡಿದ್ದರು. ಹನ್ನೊಂದು ಹಾಳೆ ಹಾಳಾಗಿದ್ದವು. ಇಂಗ್ಲಿಷ್ ಅಕ್ಷರಕ್ಕೆ ಗೀಟು ಸಾಕು, ನಮ್ಮದಕ್ಕೆ ಹೊಟ್ಟೆ ಬೇಕು, ತಿರುವು ಬೇಕು. ಹನ್ನೆರಡನೆಯದು ಅವರಿಗೆ ಒಪ್ಪಿಗೆಯಾಗಿತ್ತು. ಅದರ ಎಂಟು ಸಂಖ್ಯೆಗಳನ್ನು ಅವರು ಒಂದೊಂದಾಗಿ ಓದಿದರು, ಸರ್ ಒಂದೊಂದಾಗಿ ಒತ್ತಿದರು. ಮೊದಲ ಸಂಖ್ಯೆಗೆ ಸಾವಿರ ಅಕ್ಷರಗಳ ತಲೆ ಬದಲಾಯಿತು. ಎರಡನೆಯದಕ್ಕೆ ಹೆಗಲು. ಎಂಟನೆಯದಕ್ಕೆ ತೆರೆಯ ತುಂಬ ಕನ್ನಡದ ಅ ನಿಂತಿತ್ತು, ಸ್ವಲ್ಪ ಮೊಂಡು ಮೂಗಿನದು, ಆದರೆ ಯಾರು ನೋಡಿದರೂ ಅ.

ಕಿಟಕಿಯಲ್ಲಿದ್ದ ಒಬ್ಬ ಮುದುಕಿ ಗಟ್ಟಿಯಾಗಿ, "ಅ," ಎಂದು ಓದಿದಳು. ಜನ ನಕ್ಕರು. ಕೊಟ್ರೇಶ್ ಸರ್ ಮುಖ ಆ ಕಡೆ ತಿರುಗಿಸಿಕೊಂಡು ವೈರನ್ನು ಸರಿಮಾಡುವವರಂತೆ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

ವಿರೂಪಣ್ಣ ಮಾತ್ರ ಪಟ್ಟು ಬಿಡಲಿಲ್ಲ. "ಸರಿ, ಬಂತು. ಇದು ಅಚ್ಚೋ, ಬರಹಾನೋ? ನಲವತ್ತು ದಿನಕ್ಕೆ ಇದೂ ಹೋದ್ರೆ?" ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಉತ್ತರ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಲಾರಿ ಖಾಲಿ ಹೋಯಿತು, ಆ ಒಂದು ಟೀವಿಯನ್ನು ಆರಿಸದೆ ನಲವತ್ತು ದಿನ ಇಟ್ಟರು. ಬಿಸಿಯಾಗುತ್ತದೆಂದು ವಿರೂಪಣ್ಣನೇ ತಮ್ಮ ಮನೆಯ ಟೇಬಲ್ ಫ್ಯಾನು ಕಳಿಸಿಕೊಟ್ಟರು. ಕರೆಂಟು ಎರಡು ಸಲ ಹೋಗಿ ಎರಡು ಸಲವೂ ಅಕ್ಷರ ಮಾಯವಾಯಿತು. ಸರ್ ಕ್ಯಾಸೆಟ್ಟು ಹಾಕಿದರು, ಅದು ಕೀರಲು ದನಿಯಲ್ಲಿ ಕೂಗಿ ಕೂಗಿ ಅಕ್ಷರವನ್ನು ವಾಪಸ್ ಕರೆತಂದಿತು. ನಲವತ್ತೊಂದನೆಯ ದಿನ ಬೆಳಿಗ್ಗೆ ಊರಿನ ಅರ್ಧ ಜನ ಶಾಲೆಯ ಅಂಗಳದಲ್ಲಿದ್ದರು. ಅ ನಿಂತೇ ಇತ್ತು.

ಯಂತ್ರಗಳು ಉಳಿದವು. ಆದರೆ ವಿರೂಪಣ್ಣ ಹೇಳಿದ್ದೂ ಸುಳ್ಳಾಗಲಿಲ್ಲ. ಬೇಕಂತ ಮಾಡಿದ್ದು ಎಂದವರಿದ್ದರು. ಹಾಗನ್ನದವರೂ ಹೊಲದ ಪತ್ರ ತಂದು ಪಂಪಕ್ಕನಿಗೆ ಕೊಡುವ ಮೊದಲು ಒಂದು ಕ್ಷಣ ಯೋಚಿಸಿ, ಪಕ್ಕದ ಮೇಜಿಗೆ ಕೊಡತೊಡಗಿದರು. ಅವರು ಬರೆದದ್ದು ಕೋರ್ಟಿಗೆ ಹೋದಾಗ, ಒಮ್ಮೆ ತಪ್ಪಿದವರಲ್ಲವೇ ಎಂದು ಒಬ್ಬ ವಕೀಲರು ಕೇಳಿದರಂತೆ. ಪಂಪಕ್ಕ ಇದನ್ನು ಕೇಳಿ, "ಕೇಳ್ಬೇಕಾದ್ದೇ," ಎಂದರು. ಕೆಲಸ ಕಡಿಮೆಯಾಗಿ ಸಿಕ್ಕ ಹೊತ್ತಿನಲ್ಲಿ ಅವರು ಇನ್ನೊಂದು ಕೆಲಸ ಹಿಡಿದರು. ಒಂದು ತಪ್ಪಿದ್ದರೆ ಹತ್ತು ಯಾಕಿರಬಾರದು? ನೂರ ಹನ್ನೆರಡು ಪುಟಗಳನ್ನೂ ಯಂತ್ರದ ಎದುರಿಗೆ ಇಟ್ಟು ಒಂದೊಂದು ಮನೆಯ ಬಾಗಿಲನ್ನೂ ತಟ್ಟಿ ನೋಡುವುದು.

ದಿನಾ ಮಧ್ಯಾಹ್ನ ಎರಡರಿಂದ ಐದರವರೆಗೆ ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದೆವು. ಪಂಪಕ್ಕ ತಾವೇ ಅಪ್ಪಣೆಗಳನ್ನು ಒತ್ತಲು ಕಲಿತರು. ಐವತ್ತಮೂರನೆಯ ವಯಸ್ಸಿನಲ್ಲಿ, ಇಂಗ್ಲಿಷ್ ಬಾರದೆ, ತಾವೇ ಉಗುರುಬಣ್ಣದಲ್ಲಿ ಬರೆದ ಗುಂಡಿಗಳ ಮೇಲೆ ಒಂದೇ ಬೆರಳಿನಲ್ಲಿ. ಒಂದು ಮನೆಯ ಸಂಖ್ಯೆ ಬದಲಾಯಿಸುವುದು, ಪುಸ್ತಕ ಹೇಳಿದ್ದು ನಡೆಯಿತೋ ನೋಡುವುದು, ಸರಿಯಿದ್ದರೆ ಅಂಚಿನಲ್ಲಿ ಸಣ್ಣ ಚುಕ್ಕೆ. ಎಷ್ಟೋ ಸಲ ಯಂತ್ರ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. ಆರಿಸಿ, ಹಚ್ಚಿ, ಮತ್ತೆ ಶುರು. ಜೊತೆಗೆ ಹೊಸ ಪ್ರತಿಯೊಂದನ್ನು ಬರೆಯುತ್ತಾ ಹೋದರು. ಅದರಲ್ಲಿ ಪ್ರತಿ ಸಾಲಿನ ಸಂಖ್ಯೆಗಳನ್ನೂ ಕೂಡಿಸಿ ಮೊತ್ತವನ್ನು ಬಲಗಡೆ ಹಾಕಿದರು, ಮುಂದೆ ಯಾರಾದರೂ ನಕಲು ಮಾಡಿದರೆ ಕೂಡಿಸಿ ನೋಡಿಕೊಳ್ಳಲಿ ಎಂದು. ಕೊಟ್ರೇಶ್ ಸರ್ ಅದನ್ನು ನೋಡಿ ಎದ್ದು ನಿಂತರು. ದೊಡ್ಡ ದೊಡ್ಡ ಯಂತ್ರಗಳು ಒಂದಕ್ಕೊಂದು ಮಾತಾಡುವಾಗ ಹೀಗೇ ಮಾಡುತ್ತವೆ, ಇದನ್ನು ನಿಮಗೆ ಯಾರು ಹೇಳಿದರು ಎಂದು ಕೇಳಿದರು. "ಯಾರು ಹೇಳ್ಬೇಕು? ಒಮ್ಮೆ ಬಿದ್ದೀನಲ್ಲ," ಎಂದರು ಪಂಪಕ್ಕ.

ನನ್ನ ವಿಷಯ ಹೇಳುತ್ತೇನೆ ಎಂದಿದ್ದೆ. ಮುನ್ನೂರ ಎಪ್ಪತ್ತೊಂದನೆಯ ಪುಟ ಓದಿದ ದಿನ ನನಗೆ ನೆನಪಿತ್ತು. ಹದಿಮೂರನೆಯ ದಿನ ಮಧ್ಯಾಹ್ನ, ಊಟವಾದ ಕೂಡಲೇ. ಓದುವವರು ಬಾಯಲ್ಲಿ ಏನೂ ಇಟ್ಟುಕೊಳ್ಳಬಾರದು, ಅದು ನಕಲುಮನೆಯ ಮೊದಲ ಕಟ್ಟಳೆ. ನನಗೆ ಎಲೆ ಅಡಿಕೆಯ ಚಟ. ಅಂದು ನಿದ್ದೆ ತಡೆಯಲು ಒಂದು ಸಣ್ಣ ಎಲೆ ಮಡಿಸಿ ದವಡೆಗೆ ಇಟ್ಟುಕೊಂಡಿದ್ದೆ. ಆ ಬಾಯಲ್ಲಿ ಡಿ ಎಂದರೆ ಏನು ಕೇಳಿಸಿರುತ್ತದೋ ಯಾರಿಗೆ ಗೊತ್ತು. ಸರ್ ಭಾಗಿಸಿ ಡಿ ಎಂದ ಕ್ಷಣವೇ ನನಗೆ ಆ ಎಲೆ ಅಡಿಕೆ ನೆನಪಾಗಿತ್ತು. ಕಮಿಟಿಯ ಮುಂದೆ ಅವರು ನಿಂತಾಗ ನಾನು ಅವರ ಹಿಂದೆಯೇ ಕೂತಿದ್ದೆ. ಬಾಯಿ ಬಿಡಲಿಲ್ಲ. ಮೂಲ ಬೆಳ್ಳಗಾಗಿತ್ತು, ನಾನು ಏನು ಓದಿದೆ ಎಂಬುದಕ್ಕೆ ಸಾಕ್ಷಿಯಿರಲಿಲ್ಲ. ನನಗೆ ಆ ಕೆಲಸ ಬೇಕಿತ್ತು. ಇವು ಕಾರಣಗಳು, ಸಮಾಧಾನವಲ್ಲ.

ಐದು ತಿಂಗಳಾದ ಮೇಲೆ ಪರಿಶೀಲನೆ ಮುಗಿಯಿತು. ನೂರ ಹನ್ನೆರಡು ಪುಟಗಳಲ್ಲಿ ಸಿಕ್ಕ ತಪ್ಪು ಒಟ್ಟು ಮೂರು. ಪಂಪಕ್ಕ ಮೊದಲ ಪ್ರತಿಯ ಒಳರಕ್ಷಾಪುಟ ತೆರೆದು, ಮೂರನ್ನೂ ಪುಟದ ಸಂಖ್ಯೆಯ ಸಮೇತ ಬರೆದು, ಕೆಳಗೆ, "ಈ ತಪ್ಪುಗಳು ನನ್ನವು" ಎಂದು ಬರೆದರು. ಸಹಿ ಹಾಕಲು ಪೆನ್ನು ತಿರುಗಿಸಿಕೊಂಡಾಗ ನನಗೆ ತಡೆಯಲಾಗಲಿಲ್ಲ.

"ಪಂಪಕ್ಕ, ಆ ಡಿ ನಂದು. ಅವತ್ತು ನನ್ನ ಬಾಯಾಗೆ ಎಲಿ ಅಡಿಕಿ ಇತ್ತು."

ಅವರು ತಲೆ ಎತ್ತಲಿಲ್ಲ. "ಗೊತ್ತೈತಿ. ವಾಸನಿ ಬಂದಿತ್ತು."

"ಅವತ್ತೇ?"

"ಅವತ್ತೇ. ಉಗುಳಿ ಬಾ ಅನ್ಬೇಕಿತ್ತು. ಇನ್ನು ನಾಕು ದಿನ ಉಳಿದಿತ್ತು, ನಲವತ್ತು ಪುಟ ಬಾಕಿ ಇದ್ವು, ಹೋಗ್ಲಿ ಅಂತ ಬರ್ಕೊಂಡು ಹೋದೆ. ವಾಸನಿ ಬಂದ್ರೂ ಸುಮ್ನೆ ಬಿಟ್ಟೋಳು ನಾನು. ಅದಕ್ಕೇ ನಂದು ಅಂದೆ. ನಿನ್ನ ಉಳಿಸೋಕೆ ಅಲ್ಲ."

"ಐದು ತಿಂಗ್ಳು ನಂಗೆ ಒಂದು ಮಾತು ಅನ್ನಲಿಲ್ಲ ನೀವು."

"ನಾನು ಅಂದ್ರೆ ಅದು ನನ್ನ ಮಾತಾಗ್ತಿತ್ತು, ನಿಂದಲ್ಲ." ಈಗ ತಲೆ ಎತ್ತಿ ನೋಡಿದರು. ಸಿಟ್ಟಿರಲಿಲ್ಲ, ಕರುಣೆಯೂ ಇರಲಿಲ್ಲ. ಒಂದು ಸಾಲು ಬರೆದು ಮುಂದಿನದಕ್ಕೆ ಕಾಯುವಾಗ ನೋಡುತ್ತಿದ್ದ ಹಾಗೇ ನೋಡಿದರು. ಆಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೈಗಿಟ್ಟರು.

ನಾನು ಓದುವವಳು. ಆರು ವರ್ಷದಲ್ಲಿ ನಕಲುಮನೆಯ ಯಾವ ಹಾಳೆಯ ಮೇಲೂ ನನ್ನ ಕೈ ಬಿದ್ದಿರಲಿಲ್ಲ. "ನನ್ನವು" ಎಂಬುದನ್ನು ತೆಳ್ಳಗೆ ಒಂದು ಗೀಟಿನಿಂದ ಹೊಡೆದು ಮೇಲೆ "ನಮ್ಮವು" ಎಂದು ಬರೆದೆ. ಕೆಳಗೆ, ಬರೆದವರು ಪಂಪಾವತಿ, ಓದಿದವರು ದಾಕ್ಷಾಯಿಣಿ. ಸಾಲು ಇಳಿಜಾರಾಗಿತ್ತು.

ಪಂಪಕ್ಕ ಪುಸ್ತಕವನ್ನು ವಾಪಸ್ ಎಳೆದುಕೊಂಡು, ಭೂತಗನ್ನಡಿ ಹಿಡಿದು, ನನ್ನ ಎರಡು ಸಾಲುಗಳನ್ನು ಅಕ್ಷರ ಅಕ್ಷರ ಓದಿದರು. ಓದಿ ಮುಗಿಸಿ, ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟರು.